ಶಮಾ ಮಾಡಿದ ತರ್ಜುಮೆ

ಚಳ್ಳಕೆರೆಯ ಮೆಕ್ಯಾನಿಕ್ ಶಕೀಲನ ಹೆಂಡತಿ ಶಮಾಗೆ ಪುಸ್ತಕದ ಹುಚ್ಚು. ಅಂತಿಂಥ ಹುಚ್ಚಲ್ಲ, ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಅಧ್ಯಾಯ ಮುಗಿಸಿಯೇ ಏಳುವವಳು. ಮನೆಮಾತು ಉರ್ದು. ಆದರೆ ಮೊಳಕಾಲ್ಮುರಿನ ತವರಲ್ಲಿದ್ದಾಗ ಕನ್ನಡ ಶಾಲೆಗೆ ಹೋದವಳು, ಹಾಗಾಗಿ ಓದುವುದೆಲ್ಲ ಕನ್ನಡ. ಪುಸ್ತಕ ಕೊಡುತ್ತಿದ್ದವಳು ಪಕ್ಕದ ಮನೆಯ ದಾಕ್ಷಾಯಿಣಿ. ಕೊಟ್ಟ ತಪ್ಪಿಗೆ ಪಾಪ, ಶಮಾಳ ಅಭಿಪ್ರಾಯಗಳನ್ನೂ ಕೇಳಬೇಕಿತ್ತು.

"ಕಾದಂಬರಿ ಬರೆಯೋರು ಬಲು ಮೋಸಗಾರ್ರು ಅಕ್ಕ. ನಮ್ಮನ್ನ ಅಳಿಸೋಕೆ ಯಾರನ್ನಾದ್ರೂ ಸಾಯಿಸಿಬಿಡ್ತಾರೆ. ಮನಶ್ಶಾಸ್ತ್ರದ ಪುಸ್ತಕ ಹಂಗಲ್ಲ. ಹೊಟ್ಟೇಲಿ ಏನೈತೆ ಅಂತ ನೇರ ಹೇಳ್ತೈತೆ."

"ಕಾದಂಬರಿ ಮುಚ್ಚಿಟ್ರೆ ಅದರೊಳಗಿನೋರು ಅಲ್ಲೇ ಇರ್ತಾರೆ. ನಿನ್ನ ಮನಶ್ಶಾಸ್ತ್ರದೋವು ಮನೆ ತನಕ ಬರ್ತಾವೆ ಕಣೇ," ಎಂದು ದಾಕ್ಷಾಯಿಣಿ ನಗುತ್ತಿದ್ದಳು.

ಶಮಾಳ ಅತ್ತೆ ಸಕೀನಾ ಬೀ ಮದುವೆಯಾದ ಹೊಸತರಲ್ಲಿ ತಳಕಿನ ದಾರಿಯ ಹುಣಸೆಮರದಡಿ ಕೂತು ಬುತ್ತಿ ಉಂಡಿದ್ದರಂತೆ. ಅಂದಿನಿಂದ ತಮ್ಮ ಮೇಲೊಂದು ಸಾಯಾ ಇದೆ ಎಂದೇ ನಂಬಿದ್ದರು. ಉರ್ದುವಿನಲ್ಲಿ ಸಾಯಾ ಎಂದರೆ ನೆರಳು, ಮೆಟ್ಟಿಕೊಳ್ಳುವ ಗಾಳಿಗೂ ಅದೇ ಮಾತು. ತಾಯಿತ ಕಟ್ಟಿಸಿಯಾಯಿತು, ನೀರು ಊದಿಸಿ ಕುಡಿಸಿಯಾಯಿತು. ಹಾಡಹಗಲಲ್ಲೂ ಮನೆಯಲ್ಲಿ ಒಬ್ಬರೇ ಇರಲೊಲ್ಲರು, ಸೊಸೆಯ ಸೆರಗು ಬಿಡರು. ಹೀಗಾಗಿ ಶಮಾ ತವರಿನ ಮುಖ ನೋಡಿ ವರ್ಷಗಳಾಗಿದ್ದವು. ಬೇಸರವೇ? ಬೇಸರ ಸಣ್ಣ ಮಾತು. ಒಮ್ಮೆ ಹೋಗುವಂತಾದರೆ ತಿರುಗಿ ಬರಲೇಬಾರದು ಅನ್ನಿಸುತ್ತಿತ್ತು ಅವಳಿಗೆ. ಇದನ್ನು ದಾಕ್ಷಾಯಿಣಿಗೂ ಹೇಳಿರಲಿಲ್ಲ.

ಆಗ ಸಿಕ್ಕಿದ ಮನಶ್ಶಾಸ್ತ್ರದ ಪುಸ್ತಕವೊಂದರಲ್ಲಿ ನೆರಳಿನ ಮೇಲೇ ಒಂದು ಅಧ್ಯಾಯವಿತ್ತು. ಯಾರಿಗೂ ಹೇಳದೆ ಅದುಮಿಟ್ಟ ಆಸೆ, ಸಿಟ್ಟು ಎಲ್ಲ ಒಳಗೆ ನೆರಳಾಗಿ ಕೂತಿರುತ್ತವೆ, ಹೆದರಬೇಡಿ, ಮಾತಾಡಿಸಿ ಎಂದು ಬರೆದಿತ್ತು. ಅತ್ತೆಯ ಭಯ ಬಿಡಿಸಲು ಇದಕ್ಕಿಂತ ಇನ್ನೇನು ಬೇಕು? ಅಂದೇ ಕೂತು ಉರ್ದುವಿನಲ್ಲಿ ವಿವರಿಸಿದಳು. ನೆರಳಿಗೆ ಅವಳ ಬಾಯಿಗೆ ಬಂದದ್ದು ಒಂದೇ ಪದ.

"ಎಲ್ಲರಿಗೂ ಒಂದೊಂದು ಸಾಯಾ ಇರ್ತೈತೆ ಅಮ್ಮಿ. ಓಡಿಸಬಾರ್ದು. ಕೂರಿಸಿ ಮಾತಾಡಿಸ್ಬೇಕು."

"ಕಿತಾಬಿನಲ್ಲಿ ಹಂಗೈತಾ?" ಸಕೀನಾ ಬೀ ಕೊರಳ ತಾಯಿತ ಮುಟ್ಟಿಕೊಂಡರು. "ಎಲ್ಲರಿಗೂನಾ?"

"ಎಲ್ಲರಿಗೂ."

ಮರುದಿನ ಮಧ್ಯಾಹ್ನ ಅತ್ತೆ ಎರಡು ಲೋಟ ಚಹಾ ಹಿಡಿದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ದಿನಾ ಅದೇ ಆಯಿತು. ವಾರದೊಳಗೆ ಭಯ ಹೇಳಹೆಸರಿಲ್ಲ. ಶಮಾಗೆ ಹಿಗ್ಗೋ ಹಿಗ್ಗು.

"ನೋಡಿದ್ರಾ ಅಕ್ಕ? ನಿಮ್ಮ ಕಾದಂಬರಿ ಕೈಲಿ ಆಗ್ತಿತ್ತಾ?"

"ಅದ್ಸರಿ, ಅವರು ಮಾತಾಡ್ತಿರೋದು ಯಾರ ಜೊತೆ?" ಎಂದಳು ದಾಕ್ಷಾಯಿಣಿ.

"ಇನ್ಯಾರ ಜೊತೆ? ತಮ್ಮ ಮನಸ್ಸಿನ ಜೊತೆ," ಎಂದಳೇನೋ ನಿಜ. ಆದರೆ ಒಂದು ವಿಷಯ ಮುಚ್ಚಿಟ್ಟಳು. ಅತ್ತೆ ನಡುನಡುವೆ ಮಾತು ನಿಲ್ಲಿಸುತ್ತಿದ್ದರು, ಎದುರಿನವರು ಹೇಳಿ ಮುಗಿಸುವಷ್ಟು ಹೊತ್ತು ಕಾದು "ಅಚ್ಛಾ?" ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ಮನೆಯೊಳಗೆ ತಿರುಗುವ ಫ್ಯಾನಿನ ಸದ್ದೂ ಕೇಳಿಸುತ್ತಿರಲಿಲ್ಲ.

ಅತ್ತೆ ಈಗ ಒಬ್ಬರೇ ಇರಬಲ್ಲರು, ತವರಿನ ದಾರಿ ತೆರೆಯಿತು. ಹೊರಡುವ ದಿನ ಶಕೀಲ್ ಬೈಕ್ ಹೊರಗೆ ತೆಗೆದು ನಿಂತಿದ್ದ. ಶಮಾ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ ಸಕೀನಾ ಬೀ ಹಿಂದಿನ ಕೋಣೆಯಿಂದ ಬಂದು ಪ್ರೀತಿಯಿಂದ ಅವಳ ತಲೆ ನೇವರಿಸಿದರು.

"ನೀನು ಹೇಳಿದ್ದು ನಿಜ ಬೇಟಿ, ಎಲ್ಲರದ್ದೂ ಇರ್ತಾವೆ. ನಂದು ಮುದಿ ಆಗೈತೆ, ಸುಮ್ನೆ ಕೂತಿರ್ತೈತೆ. ಮಾತಾಡೋದೆಲ್ಲ ನಿಂದೇ."

ಶಮಾಳ ಕೈ ಜಿಪ್ಪಿನ ಮೇಲೆ ನಿಂತಿತು. "ನಂದಾ? ಏನಂತೈತೆ?"

"ಈ ಸಲ ಹೋದ್ರೆ ನೀನು ವಾಪಸ್ ಬರಲ್ವಂತೆ," ಎಂದರು ಅತ್ತೆ, ಬೇಸರವೇ ಇಲ್ಲದ ದನಿಯಲ್ಲಿ. "ಹೋದ್ರೆ ಹೋಗ್ಲಿ ಬಿಡು, ನೀನಿದೀಯಲ್ಲ ನನ್ನ ಜೊತೆ, ಅಂತ ಅದಕ್ಕೆ ಅಂದೆ."