ಬಳ್ಳೊಳ್ಳಿ ವಾಸನೆಯ ವಿಮಾನ

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ನಮ್ಮ ಪಡಸಾಲೆಯ ಗಡಿಯಾರ ಐದು ನಿಮಿಷ ಮುಂದಿರುತ್ತಿತ್ತು, ಹಾಗಾಗಿ ನಾಲ್ಕೂ ಕಾಲು ಎಂದರೂ ಸರಿಯೇ. ತಂಗಿ ಚಂದನಾ ಹಿತ್ತಲ ಕೋಣೆಯಿಂದ ಬಂದು ಆಯಿಯ ಮಗ್ಗುಲಿಗೆ ಕುಳಿತಳು. ಆಯಿ ಎಂದರೆ ಅಪ್ಪನ ಅವ್ವ. ಆಯಿಯ ಕೈಯಲ್ಲಿದ್ದ ಜಪಮಣಿ ನಿಂತಿತು. ಮೂಗು ಅರಳಿತು.

"ಬಳ್ಳೊಳ್ಳಿ ವಾಸನಿ ಬರಾಕತ್ತೈತಿ. ಯಾವ ಪೋರಿ ತಿಂದು ಬಂದೈತಿ?"

ಆ ದಿನಗಳಲ್ಲಿ ಕರೋಶಿಯ ನಮ್ಮ ಜೈನರ ಮನೆಯೊಳಗೆ ಬೆಳ್ಳುಳ್ಳಿ ಹೊಸ್ತಿಲು ದಾಟಿದ್ದೇ ಇಲ್ಲ. ಚಾತುರ್ಮಾಸ ಬಂತೆಂದರೆ ತಪ್ಪಲು ಪಲ್ಯವೂ, ಎಂದರೆ ಸೊಪ್ಪೂ, ಬಂದ್. ಹೊತ್ತು ಮುಳುಗುವ ಮೊದಲೇ ಊಟ. ಮಳೆಗಾಲದ ದೀಪಕ್ಕೆ ಹುಳು ಬೀಳುತ್ತವೆಂದು ಆಯಿ ದೀಪ ಹಚ್ಚುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದಳು. ಒದ್ದೆ ಸೌದೆಯ ಹೊಗೆ, ಹುರಿದ ಶೇಂಗಾ, ಒಣಗದ ಬಟ್ಟೆ, ಜೋಳದ ಚೀಲದಲ್ಲಿ ಹುದುಗಿಸಿದ ಬೇವಿನ ತಪ್ಪಲು: ಇವೇ ಆ ನಾಲ್ಕು ತಿಂಗಳ ವಾಸನೆಗಳು. ನಮ್ಮ ಜೋಳಕ್ಕೆ ಮೂರು ವರ್ಷದಿಂದ ಒಂದು ನುಸಿಯೂ ಬಿದ್ದಿರಲಿಲ್ಲ. ಓಣಿಯ ಹೆಂಗಸರು ಬಂದು ಕೇಳಿದರೆ ಆಯಿ ಕುತ್ತಿಗೆ ಕೊಂಕಿಸಿ ಹೇಳುತ್ತಿದ್ದಳು, "ಬೇವಿನ ತಪ್ಪಲ ಹಾಕ್ರೆವ್ವಾ. ಒಂದು ಜೀವಾ ಕೊಲ್ಲೂದ ಬ್ಯಾಡ, ಕಾಳೂ ಕೆಡೂದಿಲ್ಲ."

ಇನ್ನು ಹಿತ್ತಲ ಕೋಣೆ. ಅದು ಭರಮಾ ಮಾಮಾನದು. ಮಾಮಾ ನಮ್ಮ ಅವ್ವನ ತಮ್ಮ. ವಾಯುಪಡೆಯಲ್ಲಿ ಹದಿನೈದು ವರ್ಷ ವಿಮಾನದ ರಿಪೇರಿ ಮಾಡಿ, ಪಿಂಚಣಿ ತೆಗೆದುಕೊಂಡು, ಮದುವೆಯ ಮಾತೆತ್ತಿದವರಿಗೆ ಬೆನ್ನು ತೋರಿಸಿ ನಮ್ಮಲ್ಲಿಗೆ ಬಂದಿದ್ದ. ಬಂದವನೇ ಒಂದು ವಿಮಾನ ಕಟ್ಟಲು ಕುಳಿತ. ತಾನು ದುಡಿದ ಎರಡು ಎಂಜಿನ್ನಿನ ಸಾಮಾನು ವಿಮಾನ, ಹನ್ನೆರಡರಲ್ಲಿ ಒಂದು ಪಾಲಿನ ಅಳತೆಯದು. ಹಾಗಿದ್ದರೂ ಅದು ಮಾಮಾನಿಗಿಂತ ಉದ್ದ. ಎಲ್ಲರೂ ಹೊರಗಿನಿಂದ ಶುರು ಮಾಡುತ್ತಾರಂತೆ, ಮಾಮಾ ಶುರು ಮಾಡಿದ್ದು ಒಳಗಿನಿಂದ.

"ಹೊರಗಿಂದ ಯಾರ ಬೇಕಾದವ್ರು ನೋಡ್ತಾರ. ನಾ ಹದಿನೈದು ವರ್ಷ ಇದರ ಹೊಟ್ಯಾಗ ಕುಂತೀನಿ" ಎನ್ನುತ್ತಿದ್ದ.

ಕೊಡೆಯ ಕಡ್ಡಿಗಳು ಪಕ್ಕೆಲುಬುಗಳಾದವು. ನಮ್ಮ ಪರಕಾರ ಲಂಗದ ಲಾಡಿ ಸೀಟಿನ ಪಟ್ಟಿಯಾಯಿತು. ಹಳೆಯ ಎಕ್ಸ್‌ರೇ ಹಾಳೆಯನ್ನು ಬಿಸಿನೀರಿನಲ್ಲಿ ತೊಳೆದರೆ ಕಿಟಕಿ. ಪೈಲಟ್ಟಿನ ಮುಂದಿನ ಮೀಟರುಗಳನ್ನು ಚಪ್ಪಲಿ ಹೊಲಿಯುವವರ ತೂತಿನ ಉಳಿಯಿಂದ ಕಪ್ಪು ರಟ್ಟಿನಲ್ಲಿ ಒತ್ತಿ ತೆಗೆದು, ಒಂದೊಂದಕ್ಕೂ ಸೂಜಿಯಿಂದ ಮುಳ್ಳು ಗೀಚಿದ್ದ. ಒಂದು ಮೀಟರು ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು. ಸೀಟಿಗೆ ಮಾತ್ರ ಅವನಿಗೆ ನಿಜವಾದ ತೊಗಲೇ ಬೇಕು. ಅಥಣಿಗೆ ಹೋಗಿ ಚಪ್ಪಲಿ ಮಾಡುವವರ ಹತ್ತಿರ ಚೂರು ಆರಿಸಿ ತರುತ್ತಿದ್ದ.

"ತೊಗಲ ನನ್ನ ಹೊಸ್ತಲದಾಗ ಬ್ಯಾಡೊ ಭರಮಾ" ಎಂದಿದ್ದಳು ಆಯಿ.

"ಹಿತ್ತಲದಾಗ ಇಡ್ತೀನ್ರಿ ಅತ್ತಿ. ನೀವು ಆ ಕಡೆ ಬರಬ್ಯಾಡ್ರಿ, ಆತಲ್ಲ?"

ಆಯಿ ಅಂದಿನಿಂದ ಆ ಕೋಣೆಯತ್ತ ಸುಳಿಯಲಿಲ್ಲ. ಈ ಒಂದು ಮಾತಿನಿಂದಲೇ ಮುಂದಿನದೆಲ್ಲ ಆಯಿತು ಎಂದು ನನಗೆ ಈಗ ಅನಿಸುತ್ತದೆ. ಮನೆಯಲ್ಲಿ ಆಯಿಯ ಕಣ್ಣು ಬೀಳದ ಜಾಗ ಎಂದರೆ ಅದೊಂದೇ ಎಂದು ನಮ್ಮ ಅಪ್ಪನಿಗೂ ಗೊತ್ತಾಗಿತ್ತು.

ಕಾಕ್‌ಪಿಟ್ಟಿನ ಹಿಂದಿನ ಗೋಡೆಗೆ ಮಾಮಾ ತಂತಿಯ ಎರಡು ಬಳೆ ಜೋಡಿಸಿಟ್ಟಿದ್ದ. ಅಲ್ಲಿ ಆಕ್ಸಿಜನ್ ಸಿಲಿಂಡರ್ ಕೂರಬೇಕು. ಅದಕ್ಕೆ ತಕ್ಕದ್ದು ಮಾತ್ರ ಸಿಕ್ಕಿರಲಿಲ್ಲ. ಪೆನ್ನಿನ ಟೊಪ್ಪಿಗೆ ಸಣ್ಣದಾಯಿತು, ಬ್ಯಾಟರಿ ಸೆಲ್ ಭಾರವಾಯಿತು. "ಬೆಳ್ಳಗ ಮಿಂಚಬೇಕು, ಹಗೂರ ಇರಬೇಕು. ಹುಡುಕ್ರಿ, ಸಿಕ್ಕವ್ರಿಗೆ ಪೈಲಟ್ ಸೀಟು" ಎಂದು ಮಾಮಾ ನಮ್ಮಿಬ್ಬರಿಗೂ ಆಸೆ ಹಚ್ಚಿದ್ದ. ನನಗೆ ಆಗ ಹನ್ನೊಂದು, ಚಂದನಾಳಿಗೆ ಏಳು.

ಆ ದಿನ ಮಳೆಗೆ ಸಾಲೆ ಬಿಟ್ಟಿದ್ದರು. ಮಾಮಾ ಬೆಳಗಿನ ಬಸ್ಸಿಗೆ ಅಥಣಿಗೆ ಹೋಗಿದ್ದ. ನಾನು ಸ್ಟೂಲಿನ ಮೇಲೆ ಡಬ್ಬ ಇಟ್ಟು ಹಿತ್ತಲ ಕೋಣೆಯ ಅಟ್ಟಕ್ಕೆ ಕೈ ಹಾಕಿದೆ. ಔಷಧ ಹೊಡೆಯುವ ಹಳೆಯ ಪಂಪಿನ ಹಿಂದೆ, ಚಿಂದಿಯಲ್ಲಿ ಸುತ್ತಿದ ಒಂದು ಅಲ್ಯುಮಿನಿಯಂ ಕೊಳವೆ ಸಿಕ್ಕಿತು. ಬೆಳ್ಳಗೆ ಮಿಂಚುತ್ತಿತ್ತು. ಹಗುರಿತ್ತು. ಮೇಲಿನ ಚೀಟಿಯನ್ನು ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು, ಅಂಟಿನ ಗುರುತಷ್ಟೇ ಉಳಿದಿತ್ತು. ಅಲ್ಲಾಡಿಸಿದರೆ ಒಳಗೆ ಗಡಗಡ.

ಮುಚ್ಚಳ ತೆಗೆದವಳು ನಾನು. ಬೂದು ಬಣ್ಣದ ಎರಡು ಗುಳಿಗೆ ಅಂಗೈಗೆ ಉರುಳಿದವು. ಬಳಪದ ಹಾಗಿದ್ದವು.

"ಇವು ಲಗೇಜ್!" ಎಂದಳು ಚಂದನಾ. ನನ್ನ ಕೈಯಿಂದ ಕಸಿದುಕೊಂಡು ವಿಮಾನದ ಸಾಮಾನಿನ ಹೊಟ್ಟೆಯಲ್ಲಿ ಒಂದರ ಮುಂದೊಂದು ಜೋಡಿಸಿದಳು. ಕೊಳವೆಯನ್ನು ಬಳೆಗೆ ತೂರಿಸುವ ಕೆಲಸವೂ ಅವಳದೇ, ನನ್ನ ಕೈ ಅಲ್ಲಿ ಹಿಡಿಯುತ್ತಿರಲಿಲ್ಲ. ಕೊಳವೆ ಉದ್ದವಾಗಿತ್ತು, ಕೂರಲಿಲ್ಲ. ಅವಳು ಹಟ ಹಿಡಿದಳು. ಕೆಳಗಿನ ಬಾಗಿಲಲ್ಲಿ ತಲೆ ತೂರಿಸಿ, ಅಂಗಾತ ಮಲಗಿ ತಿರುವುತ್ತಾ ಇದ್ದಳು. ಮಾಮಾ ಕಲಿಸಿದ ಹಾಗೆ ನಾನು ಕಿಟಕಿ ಮುಚ್ಚಿದೆ, ಎರಚಲು ಬೀಳದಿರಲೆಂದು ವಿಮಾನದ ಮೇಲೆ, ಅವಳ ಮೇಲೂ, ಪ್ಲಾಸ್ಟಿಕ್ ಹಾಳೆ ಎಳೆದೆ. ಒಳಗಿಂದ ಅವಳ ದನಿ ಡಬ್ಬಿಯಲ್ಲಿ ಮಾತಾಡಿದಂತೆ ಕೇಳುತ್ತಿತ್ತು. "ಅಕ್ಕಾ, ಇಲ್ಲಿಂದ ಎಲ್ಲಾ ದೊಡ್ಡದ ಕಾಣತೈತಿ."

ಎರಡೂವರೆಗೆ ಅವ್ವ ಶೇಂಗಾ ಆರಿಸಲು ಕರೆದಳು. ನಾನು ಎದ್ದು ಹೋದೆ. ಹೋಗುವಾಗ ಬಾಗಿಲನ್ನೂ ಎಳೆದುಕೊಂಡೆ. ಎಷ್ಟೋ ವರ್ಷಗಳಾದರೂ ಆ ಬಾಗಿಲಿನ ಕಿರುಗುಟ್ಟುವಿಕೆ ನನಗೆ ಹಾಗೆಯೇ ಕೇಳುತ್ತದೆ.

ನಾಲ್ಕು ಇಪ್ಪತ್ತಕ್ಕೆ ಆಯಿ ಬಳ್ಳೊಳ್ಳಿ ಎಂದಳಲ್ಲ, ಆಗ ಯಾರಿಗೂ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು.

"ಬಸ್‌ಸ್ಟ್ಯಾಂಡಿನಾಗ ವಡಾ ಪಾವ್ ತಿಂದಿ ಹೌದಲ್ಲ? ಚಾತುರ್ಮಾಸದಾಗ! ಬಾಯಿ ಆ ಅನ್ನ."

"ಇಲ್ಲ ಆಯಿ, ದೇವರಾಣಿ."

"ಆಣಿ ಬ್ಯಾರೆ ಮಾಡ್ತಿ? ಹೋಗ, ಬಾಯಿ ಮುಕ್ಕಳಿಸಿ ದೂರ ಕುಂಡ್ರು."

ಚಂದನಾ ಬಾಯಿ ಮುಕ್ಕಳಿಸಿದಳು. ಮತ್ತೆ ಮುಕ್ಕಳಿಸಿದಳು. ತಲೆ ನೋಯುತ್ತದೆ ಎಂದಳು. ಅವ್ವ, "ಕಳ್ಳಿ, ಬೈಸಿಕೊಂಡ ಮ್ಯಾಲ ತಲಿ ನೋಯ್ತದ" ಎಂದು ನಕ್ಕಳು. ನನಗೂ ಹಣೆ ಸಿಡಿಯುತ್ತಿತ್ತು, ಆದರೆ ಹೇಳಿದರೆ ನಾನೂ ವಡಾ ಪಾವ್ ತಿಂದೆ ಎನ್ನುತ್ತಾರೆಂದು ಸುಮ್ಮನಿದ್ದೆ. ಐದರ ಹೊತ್ತಿಗೆ ಅವಳು ವಾಂತಿ ಮಾಡಿದಳು. ಪಿತ್ತವೆಂದು ಲಿಂಬೆ ನೀರು ಕೊಟ್ಟರು. ಅದೂ ನಿಲ್ಲಲಿಲ್ಲ. ಕೈ ಹಿಡಿದು ನೋಡಿದರೆ ಬಾವಿಯ ಹಗ್ಗದಂತೆ ತಣ್ಣಗೆ, ಒದ್ದೆ.

ಮಾಮಾ ಬಂದಾಗ ಐದೂವರೆ. ಅವ್ವ ಬಳ್ಳೊಳ್ಳಿಯ ಕಥೆಯನ್ನೆಲ್ಲ ಹೇಳಿದಳು. ಚೀಲ ಇಡಲು ಹಿತ್ತಲ ಕೋಣೆಯ ಬಾಗಿಲು ತೆಗೆದವನು ಹಿಂದಕ್ಕೆ ಹಾರಿ ಬಂದ.

"ಅಕ್ಕಾ, ಇದು ಬಳ್ಳೊಳ್ಳಿ ಅಲ್ಲ! ಗ್ಯಾಸು! ಎಲ್ಲಾರೂ ಹೊರಗ ನಡೀರಿ! ಒಳಗ ಯಾರಿದ್ರು? ಹೇಳ ಪದ್ದಿ, ಯಾರಿದ್ರು?"

ಪದ್ದಿ ಎಂದರೆ ನಾನೇ. ಚಂದನಾಳತ್ತ ಬೆರಳು ತೋರಿಸಿದೆ. ಮಾಮಾ ಬಾಯಿಗೆ ಟವೆಲು ಕಟ್ಟಿಕೊಂಡು ಒಳಗೆ ನುಗ್ಗಿ, ಕಿಟಕಿ ಒದ್ದು ತೆಗೆದು, ಕೈಯಲ್ಲಿ ಆ ಕೊಳವೆ ಹಿಡಿದು ಹೊರಬಂದ. ಇದು ಏನೆಂದು ಅವನಿಗೂ ಗೊತ್ತಿರಲಿಲ್ಲ.

ನೆರೆಮನೆಯವರ ಜೀಪಿನಲ್ಲಿ ಚಿಕ್ಕೋಡಿಯ ಆಸ್ಪತ್ರೆಗೆ ಹೋದೆವು. ಹೊಲದಿಂದ ಬಂದ ಅಪ್ಪ ಕೆಸರುಗಾಲಿನಲ್ಲೇ ಹತ್ತಿದ. ಆಯಿ ಚಂದನಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ, "ನಾ ದೂರ ಕುಂಡ್ರು ಅಂದ್ನಿ, ನಾ ದೂರ ಕುಂಡ್ರು ಅಂದ್ನಿ" ಎನ್ನುತ್ತಿದ್ದಳು.

ಡಾಕ್ಟರ್ ಬಾಯಿ, ಅಲ್ಲಿಯ ಲೇಡಿ ಡಾಕ್ಟರು, ಚಿಕ್ಕ ವಯಸ್ಸಿನವರು. ನಾಡಿ ನೋಡಿದರು, ಕಣ್ಣು ಬಿಡಿಸಿ ನೋಡಿದರು. "ಹೊರಗಿಂದು ಏನ ತಿಂದಾಳ್ರಿ?"

"ವಡಾ ಪಾವ್ ಇರಬೇಕ್ರಿ" ಎಂದಳು ಅವ್ವ.

"ಬರೇ ಅದರಿಂದ ನಾಡಿ ಹಿಂಗ ಇಳಿಯೂದಿಲ್ರಿ. ಮನ್ಯಾಗ ಏನರ ವಿಷ ಇಟ್ಟೀರೇನು? ಇಲಿದು, ಹುಳದ್ದು? ಖರೇ ಹೇಳ್ರಿ. ಅದು ಗೊತ್ತಾಗಲಿಲ್ಲಂದ್ರ ನಾ ಇಲ್ಲೇ ಸಲಾಯಿನ್ ಹಚ್ಚಿ ಕುಂಡ್ರತೀನಿ. ಗೊತ್ತಾತಂದ್ರ ಈಗಿಂದೀಗ ಬೆಳಗಾವಿಗೆ ಕಳಸ್ತೀನಿ."

ಆಯಿ ಎದ್ದು ನಿಂತಳು. "ನಾವು ಇರಿವಿ ಸುದ್ದಾ ತುಳಿಯೋ ಮಂದಿ ಅಲ್ರಿ ಬಾಯಿ. ನಮ್ಮ ಕಾಳಿಗೆ ಬೇವಿನ ತಪ್ಪಲ. ಮೂರು ವರ್ಷ ಆತು, ಒಂದು ನುಸಿ ಬಿದ್ದಿಲ್ಲ. ನಮ್ಮ ಮನ್ಯಾಗ ವಿಷಾ ಅನ್ನೂ ಮಾತ ಇಲ್ಲ."

ಮಾಮಾ ಕೊಳವೆಯನ್ನು ಮೇಜಿನ ಮೇಲಿಟ್ಟ. "ಇದರಾಗಿಂದು ಏನೋ ಐತ್ರಿ. ಚೀಟಿ ಇಲ್ಲ."

ಡಾಕ್ಟರ್ ಬಾಯಿ ಕೊಳವೆಯನ್ನು ಮೂಸಿ ನೋಡಲು ಹೋಗಿ ತಡೆದರು. ಸುತ್ತ ನಿಂತವರ ಮುಖ ನೋಡಿದರು. ನಾನೂ ನೋಡಿದೆ. ಅಪ್ಪ ಕೊಳವೆಯನ್ನೇ ನೋಡುತ್ತಿದ್ದ. ಆಯಿಯ ಕಡೆ ನೋಡಿದ, ಮಂಚದ ಕಡೆ ನೋಡಿದ, ಮತ್ತೆ ಆಯಿಯ ಕಡೆ. ಮಂಚದ ಮೇಲೆ ಚಂದನಾ ಒಮ್ಮೆ ಜೋರಾಗಿ ಉಸಿರೆಳೆದಳು.

"ಅವ್ವಾ" ಎಂದ ಅಪ್ಪ. ಡಾಕ್ಟರಿಗೆ ಹೇಳಬೇಕಾದದ್ದನ್ನು ತಾಯಿಗೇ ಹೇಳಿದ. "ಅದು ಜ್ವಾಳಕ್ಕ ಹಾಕೂ ಗುಳಿಗಿ. ನುಸಿ ಸಾಯೂದು. ಚೀಟಿ ನಾನ ಕೆರದೀನಿ. ನೀ ನೋಡಬಾರದಂತ."

ಡಾಕ್ಟರ್ ಬಾಯಿ ಆಗಲೇ ಫೋನು ಎತ್ತಿದ್ದರು. ಆಯಿ ಬಯ್ಯಲಿಲ್ಲ, ಅಳಲಿಲ್ಲ. ಒಂದೇ ಮಾತು ಕೇಳಿದಳು, "ಎಷ್ಟ ವರ್ಷ ಆತು?"

"ಮೂರು."

ಆಯಿ ಹಾಗೆಯೇ ಕುಳಿತಳು. ಕೈ ಜಪಮಣಿಗೆ ಹೋಯಿತು, ಮಣಿ ಮನೆಯಲ್ಲೇ ಉಳಿದಿತ್ತು.

ಬೆಳಗಾವಿಯ ಗಾಡಿಯಲ್ಲಿ ನನ್ನನ್ನೂ ಹತ್ತಿಸಿಕೊಂಡರು, ನನ್ನ ರಕ್ತವನ್ನೂ ನೋಡಬೇಕೆಂದು. ಚಂದನಾಳ ಮೂಗಿಗೆ ಹಾಕಿದ ನಳಿಕೆ ಗೋಡೆಯ ಮೇಲಿನ ಆಕ್ಸಿಜನ್ ಸಿಲಿಂಡರಿಗೆ ಹೋಗಿತ್ತು. ಅದನ್ನು ಹಿಡಿದದ್ದು ಕಬ್ಬಿಣದ ಎರಡು ಬಳೆ, ಮಾಮಾ ಮಾಡಿದ್ದರ ಹಾಗೆಯೇ. ಮಾಮಾ ದಾರಿಯುದ್ದಕ್ಕೂ ಆ ಬಳೆಗಳನ್ನು ನೋಡುತ್ತಿದ್ದ. ಈ ವಿಷಕ್ಕೆ ಎದುರು ಔಷಧವಿಲ್ಲ, ಉಸಿರು ಮತ್ತು ಎದೆಯನ್ನು ಕಾದು ಕೂರಬೇಕು ಎಂದರು ಅಲ್ಲಿಯ ಡಾಕ್ಟರು. ಕಾದೆವು. ಮೂರನೆಯ ದಿನ ಬೆಳಿಗ್ಗೆ ಚಂದನಾ ಕಣ್ಣು ಬಿಟ್ಟು, "ಲಗೇಜ್ ಇಳಿಸಿದ್ರೇನು?" ಎಂದಳು.

ಅವಳು ಉಳಿದಳು. ಈಗ ಅವಳಿಗೆ ಅದೇನೂ ನೆನಪಿಲ್ಲ, ನಾನೇ ಕಥೆ ಕಟ್ಟುತ್ತೇನೆ ಎನ್ನುತ್ತಾಳೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವಾಗ ನಾನು ತಿಳಿದುಕೊಂಡೆ: ತೇವ ತಾಗಿದಾಗ ಆ ಗುಳಿಗೆ ಬಿಡುವ ಅನಿಲ ಶುದ್ಧವಾಗಿದ್ದರೆ ಅದಕ್ಕೆ ವಾಸನೆಯೇ ಇಲ್ಲ, ಬೆಳ್ಳುಳ್ಳಿಯ ವಾಸನೆ ಬರುವುದು ಅದರಲ್ಲಿ ಬೆರೆತ ಕಲ್ಮಶದಿಂದ. ಪುಸ್ತಕ ಮುಚ್ಚಿ ಹೊರಗೆ ಹೋಗಿ ಕುಳಿತೆ. ಬೆಳ್ಳುಳ್ಳಿ ತಿನ್ನುವ ಮನೆಯಾಗಿದ್ದರೆ ಆಯಿಯ ಮೂಗು ಅರಳುತ್ತಿತ್ತೇ? ಅಷ್ಟು ಗೊತ್ತಾಗಿಯೂ ಒಂದು ಗಂಟೆ ನಾವು ಬಾಯಿ ಮುಕ್ಕಳಿಸಿದೆವಲ್ಲ?

ಮಾಮಾ ವಿಮಾನಕ್ಕೆ ಮತ್ತೆ ಕೈ ಹಚ್ಚಲಿಲ್ಲ. ಅದರ ಒಳಗೆಲ್ಲ ಮುಗಿದಿದೆ, ಮೇಲಿನ ತಗಡು ಮಾತ್ರ ಬಾಕಿ. ಪೈಲಟ್ಟಿನ ಸೀಟಿನ ಹಿಂದೆ ಖಾಲಿ ಬಳೆಗಳು. ಯಾವ ಕೋಣೆಗೆ ಹೋದರೂ ನಾನು ಮೊದಲು ಮೂಸಿ ನೋಡುತ್ತೇನೆ. ಮುಚ್ಚಿದ ಬಾಗಿಲ ಹಿಂದೆ ಮಕ್ಕಳು ಗಪ್ಪಾಗಿ ಆಡುತ್ತಿದ್ದರೆ ಸುಮ್ಮನೆ ಖುಷಿಪಡುವುದು ನನಗೆ ಆ ದಿನದಿಂದ ಆಗಿಲ್ಲ.

ಆ ಮಳೆಗಾಲ ಮುಗಿದರೂ ನಮ್ಮ ಮನೆ ಮಲಗಲಿಲ್ಲ. ಇದ್ದ ಕಾಳೆಲ್ಲ ಹೊಲದ ತಗ್ಗು ಸೇರಿತು. ಆಯಿ ಅಪ್ಪನೊಡನೆ ಮಾತು ಬಿಟ್ಟಳು, ಕತ್ತಲಾದರೆ ಎದ್ದೆದ್ದು ಬಂದು ನಮ್ಮಿಬ್ಬರ ಬಾಯಿ ಮೂಸುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಮಾಮಾ ಸತ್ತಿ ಊರಿನ ಬೀಗರ ಮನೆಯಿಂದ ಒಂದು ಚೀಲ ಜೋಳ ತಂದ. ಆಯಿ ಅದಕ್ಕೆ ಏನನ್ನೂ ಹಾಕಲಿಲ್ಲ. ಬೇವಿನ ತಪ್ಪಲನ್ನೂ ಹಾಕಲಿಲ್ಲ. ದಿನಾ ಒಂದು ಮೊರದಷ್ಟು ತೆಗೆದು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಏನು ಹುಡುಕುತ್ತಾಳೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಚಳಿ ಇಳಿಯತೊಡಗಿದ ಒಂದು ಮಧ್ಯಾಹ್ನ ಮೊರದಲ್ಲಿ ಏನೋ ಅಲುಗಿತು. ಎಳ್ಳಿನಷ್ಟು ಕಪ್ಪು ಹುಳ, ಮುಂದೆ ಸಣ್ಣ ಸೊಂಡಿಲು. ಒಂದು ಕಾಳನ್ನು ಹತ್ತಿ, ಜಾರಿ, ಮತ್ತೆ ಹತ್ತಿತು.

"ಐತಿ!" ಎಂದಳು ಆಯಿ. "ಜೀವ ಐತಿ ನೋಡ್ರೆ!"

ಅವಳು ಹಾಗೆ ನಕ್ಕದ್ದನ್ನು ನಾನು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ. ಕಾಳಿನ ಸಮೇತ ಹುಳವನ್ನು ಅಂಗೈಯಲ್ಲಿ ತೆಗೆದುಕೊಂಡು, ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪನ ಮುಂದೆ ಹಿಡಿದಳು.

"ತಗೋ. ಹಗೂರಕ ಹಿತ್ತಲಕ ಬಿಟ್ಟ ಬಾ."

ಅಪ್ಪ ಎರಡೂ ಕೈ ಬೊಗಸೆ ಮಾಡಿ ಇಸಿದುಕೊಂಡ. ಬೊಗಸೆಯ ಮೇಲೇ ಕಣ್ಣಿಟ್ಟು, ಒಂದೊಂದೇ ಹೆಜ್ಜೆ ಇಡುತ್ತಾ ಹಿತ್ತಲಿಗೆ ನಡೆದ.

ಆ ರಾತ್ರಿ ನಮ್ಮ ಬಾಯಿ ಮೂಸಲು ಆಯಿ ಏಳಲಿಲ್ಲ. ಯಾರೂ ಏಳಲಿಲ್ಲ. ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು ಬಡಿದು, "ಏನ್ರೀ, ಮನ್ಯಾಗ ಯಾರೂ ಇಲ್ಲೇನು?" ಎಂದು ಕೂಗಿದಾಗಲೇ ನಮಗೆ ಎಚ್ಚರವಾದದ್ದು.