ಬಾಗಿಲು ಕಾಯುವವನ ಮಾತು

ಎಂಬತ್ತರ ದಶಕದಲ್ಲಿ ಸೌದಿಯ ಅಭಾದ ಆಸ್ಪತ್ರೆಯೊಂದರಲ್ಲಿ ನನ್ನೊಡನೆ ಎಕ್ಸ್‌ರೇ ತೆಗೆಯುತ್ತಿದ್ದವನು ಕೀನ್ಯಾದವನು. ಮಾತಿಗೆ ಮೊದಲು ಅಂಗೈಯಿಂದ ತುಟಿ ಒರೆಸಿಕೊಳ್ಳುವನು. ಯಾರು ಬೈದರೂ "ಮಾಲೇಶ್, ಪರವಾಗಿಲ್ಲ" ಎನ್ನುವನು.

ಶುಕ್ರವಾರ ನಮ್ಮ ಕೋಣೆಯಲ್ಲಿ ಊರಿನವರು ಸೇರಿ, ಬಾಗಿಲು ಮುಚ್ಚಿಕೊಂಡು ತಾಳಮದ್ದಳೆ ನಡೆಸುತ್ತಿದ್ದೆವು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಬರೀ ಮಾತಿನಿಂದ ಕೌರವನಾಗಬೇಕು. ಅವನೂ ಬಂದು ಕೂರುತ್ತಿದ್ದ. ಒಮ್ಮೆ ಕೇಳಿದ: "ನಿಮ್ಮ ರಾಜ ನಿಮ್ಮ ಭಾಷೆಯಲ್ಲೇ ಮಾತಾಡ್ತಾನಾ?"

ಚಿಕ್ಕಂದಿನಲ್ಲಿ ಬಿಳಿಯರ ಶಾಲೆಯ ನಾಟಕಗಳಲ್ಲಿ ಅವನು ಪಾತ್ರ ಮಾಡಿದ್ದನಂತೆ. ಅಲ್ಲಿ ರಾಜನ ಮಾತು ಇಂಗ್ಲಿಷು. ಇವನ ತಾಯಿನುಡಿ, ಜನ ನಗಲೆಂದು, ಬಾಗಿಲು ಕಾಯುವವನಿಗೆ ಮಾತ್ರ. ಅದು ಇವನ ಪಾತ್ರ.

ನಾನು ಇದನ್ನು ಹೇಳಿದಾಗ ಹಾಡುತ್ತಿದ್ದ ಭಾಗವತರು, "ಎಂತ ಕರ್ಮ ಮಾರಾಯ! ಇವತ್ತು ಇವನ ರಾಜ ಇವನ ಭಾಷೆಯಲ್ಲೇ ಮಾತಾಡಲಿ" ಎಂದರು.

ಅವನು ಎದೆ ಸೆಟೆಸಿ ಎದ್ದು ನಿಂತ. ತುಟಿ ಒರೆಸಿಕೊಂಡ. ತಾಯಿನುಡಿಯ ಮೊದಲ ಮಾತು ಹೊರಟಿತೋ ಇಲ್ಲವೋ, ಬೆನ್ನು ತಾನಾಗಿ ಬಾಗಿತು, ದನಿ ಕೀರಲಾಯಿತು. ಅವನು ತಡೆದು ನೆಟ್ಟಗಾದ. ಮತ್ತೆ ಮಾತೆತ್ತಿದ, ಬೆನ್ನು ಮತ್ತೆ ಬಾಗಿತು.

ಹಾಸ್ಯಗಾರನ ಪ್ರವೇಶವಾಯಿತೆಂದುಕೊಂಡು ನಮ್ಮವರು ಚಪ್ಪಾಳೆ ತಟ್ಟಿ ನಕ್ಕರು. ನಗು ಮುಗಿಯುವವರೆಗೂ ಅವನು ಬಾಗಿಯೇ ನಿಂತಿದ್ದ.