ಕಲೆ ಉಳಿಯದ ಕೆನ್ನೆ

ಟಿಕೆಟ್ ಕೌಂಟರಿನ ಮಚ್ಚೆಯಕ್ಕ, ಕೆನ್ನೆಯ ಮೇಲೆ ಮೆಣಸಿನಕಾಳಿನಂತೆ ಉಬ್ಬಿದ್ದ ಆ ಮಚ್ಚೆಯನ್ನು ತೆಗೆಸಿಕೊಂಡ ಮೇಲೆ, ಗಾಯವನ್ನು ಹಸುಗೂಸಿನಂತೆ ಸಾಕಿದಳು. ಮೋಡ ಕವಿದಿದ್ದರೂ ಛತ್ರಿಯಿಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ಕೌಂಟರಿನ ಕಿಂಡಿಯಿಂದ ಅಂಗೈಯಗಲ ಬಿಸಿಲು ಬಿದ್ದರೂ ಕುರ್ಚಿಸಮೇತ ಮೂಲೆ ಸೇರುತ್ತಿದ್ದಳು. ಹೊಲಿಗೆ ಜಗ್ಗೀತೆಂದು ಅರ್ಧ ಬಾಯಲ್ಲೇ ನಗುತ್ತಿದ್ದಳು, ಆಕಳಿಕೆಯನ್ನಂತೂ ನುಂಗಿಯೇಬಿಡುತ್ತಿದ್ದಳು. ಹಕ್ಕಳೆ ಕಟ್ಟಿ ನವೆ ಹತ್ತಿದಾಗ ತನ್ನ ಕೈಗಳನ್ನೇ ನಂಬದೆ ತೊಡೆಯಡಿಗೆ ಒತ್ತಿಟ್ಟುಕೊಂಡು ಕೂರುತ್ತಿದ್ದಳು. ಯಾರಾದರೂ ಹತ್ತಿರ ಬಂದರೆ, "ದೂರ ನಿಂತ್ಕೊಳ್ಳಿ, ಕಲೆ ಉಳಿದ್ರೆ ನೀವು ಜವಾಬ್ದಾರರಾ?" ಎಂದು ಸಿಡುಕುತ್ತಿದ್ದಳು. ಕಣ್ಣು, ಕಿವಿ ಎರಡೂ ಕೈಕೊಟ್ಟಿದ್ದ ಅಮ್ಮನಿಗೂ ಇದೇ ಕಾನೂನು. ದಿನಾ ಮಗಳ ಕೆನ್ನೆ ತಡವಿ ನೋಡಿಯೇ ತುತ್ತಿಗೆ ಬಾಯಿ ತೆರೆಯುತ್ತಿದ್ದ ಆಕೆಯ ಬೆರಳು ಗಾಯಕ್ಕೆ ತಗುಲೀತೆಂದು, ಉಣಿಸುವ ಕೆಲಸವನ್ನು ಅತ್ತಿಗೆಗೆ ಬಿಟ್ಟಳು. ಇಷ್ಟೆಲ್ಲ ಜೋಪಾನ ಫಲಿಸಿತು. "ಹುಡುಕಿದ್ರೂ ಗುರುತು ಸಿಗಲ್ಲಮ್ಮ," ಎಂದು ಡಾಕ್ಟರೇ ಬೆರಗಾದರು. ಅಂದು ಸಂಜೆ ಅವಳು ಬಾಯ್ತುಂಬ ನಗುತ್ತ ತಾನೇ ತಟ್ಟೆ ಹಿಡಿದು ಕೂತು, ಅಮ್ಮನ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಮುದಿ ಬೆರಳುಗಳು ಆ ನುಣುಪಿನ ಮೇಲೆ ಸುತ್ತಿದವು, ಮತ್ತೆ ಸುತ್ತಿದವು, ಕಿವಿಯವರೆಗೂ ಹೋಗಿ ಬಂದವು. ಕೊನೆಗೆ ಅಮ್ಮ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿ ಹೇಳಿದಳು: "ಈಗ್ಲೇ ಬೇಡಮ್ಮ. ನನ್ ಮಗಳು ಬರ್ಲಿ, ಆಮೇಲೆ ಉಣ್ತೀನಿ."